ಅಮ್ಮನ ಬಾಟಲಿಗೆ ಸೆನ್ಸರ್ ಹುಡುಕಿದ್ದು

ಗಾಜಿನ ಲೋಟದ ತಳದಲ್ಲಿ ತೆಳುವಾಗಿ ಹಸಿರು ಕೂತಿತ್ತು. ನಾಲ್ಕು ದಿನದ ಹಿಂದೆ ಆ ಲೋಟಕ್ಕೆ ಕುಡಿಯುವ ನೀರು ತುಂಬಿ, ಮಟ್ಟ ತೋರಿಸುವ ಸೆನ್ಸರ್ ಒಂದನ್ನು ಇಳಿಬಿಟ್ಟು, 5 ವೋಲ್ಟ್ ಕೊಟ್ಟು ಮರೆತುಬಿಟ್ಟಿದ್ದೆ. ಬಾಚಣಿಗೆಯ ಹಲ್ಲಿನ ಹಾಗೆ ತಾಮ್ರದ ಗೆರೆಗಳು ಸಾಲಾಗಿರುವ, ಎಲೆಕ್ಟ್ರಾನಿಕ್ಸ್ ಕಲಿಯುವವರ ಕಿಟ್ಟುಗಳಲ್ಲೆಲ್ಲ ಇರುವ ಸೆನ್ಸರ್ ಅದು. ಹೊರಗೆ ತೆಗೆದು ನೋಡಿದರೆ ಒಂದು ಬಿಟ್ಟು ಒಂದು ಗೆರೆ ಕಪ್ಪಾಗಿ ಸವೆದಿತ್ತು. ಸವೆದ ತಾಮ್ರ ಎಲ್ಲಿ ಹೋಯಿತೆಂದು ಹುಡುಕಬೇಕಾಗಿರಲಿಲ್ಲ, ಲೋಟದಲ್ಲೇ ಇತ್ತು. ಆ ವಾರ ಅದನ್ನೇ ಅಮ್ಮನ ನೀರಿನ ಬಾಟಲಿಗೆ ಹಾಕಬೇಕೆಂದಿದ್ದೆ.

ಅಮ್ಮನಿಗೆ ಕಿಡ್ನಿಯಲ್ಲಿ ಕಲ್ಲು ಎರಡನೇ ಸಲ ಬಂದಿತ್ತು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಎಂದಿದ್ದರು ಡಾಕ್ಟರು. ಅವರ ಮುಂದೆ ತಲೆಯಾಡಿಸಿ ಬಂದ ಅಮ್ಮ, ಸಂಜೆ ನಾನು ಕೇಳಿದರೆ "ಕುಡಿದೆ ಕಣೋ, ಎಷ್ಟು ಅಂತ ಗೋಡೆ ಮೇಲೆ ಗೀಟು ಹಾಕ್ಲಾ?" ಅನ್ನುತ್ತಿದ್ದಳು. ಗೀಟು ಹಾಕುವ ಬಾಟಲಿಯನ್ನೇ ಮಾಡಿಕೊಡೋಣ ಅಂದುಕೊಂಡೆ. ಕಾರ್ಖಾನೆಯ ಯಂತ್ರಗಳಿಗೆ ಸೆನ್ಸರ್ ಜೋಡಿಸಿ ಪ್ರೋಗ್ರಾಂ ಬರೆಯುವುದೇ ನನ್ನ ಕಸುಬು. ಒಂದು ಬಾಟಲಿ ಯಾವ ಮಹಾ ಅನ್ನಿಸಿತ್ತು. ಆದರೆ ಯಂತ್ರದ ಎಣ್ಣೆಯಲ್ಲಿ ಮುಳುಗುವ ಸೆನ್ಸರ್ ಎಣ್ಣೆಗೆ ಏನು ಬಿಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳಿ ನನಗೂ ಅಭ್ಯಾಸವಿರಲಿಲ್ಲ.

ಲೋಟದಲ್ಲಿ ನಡೆದದ್ದು ಶಾಲೆಯಲ್ಲಿ ಓದಿದ ವಿದ್ಯುದ್ವಿಭಜನೆಯೇ. ನೀರಿನಲ್ಲಿ ಕರಗಿದ ಲವಣಗಳಿರುವುದರಿಂದ ಅದರ ಮೂಲಕ ಕರೆಂಟ್ ಹರಿಯುತ್ತದೆ, ಧನ ತುದಿಗೆ ಸೇರಿದ ಗೆರೆಯಿಂದ ತಾಮ್ರದ ಅಯಾನುಗಳು ಕಳಚಿ ನೀರಿಗೆ ಇಳಿಯುತ್ತವೆ. ಓದುವ ಕ್ಷಣದಲ್ಲಿ ಮಾತ್ರ ಕರೆಂಟ್ ಕೊಟ್ಟರೆ ಸವೆತ ಬಹಳ ಕಡಿಮೆಯಾಗುತ್ತದೆ, ಗಿಡದ ಕುಂಡಕ್ಕೆ ಅಷ್ಟು ಸಾಕು. ಕುಡಿಯುವ ನೀರಿಗೆ ಸಾಲದು. ತಾಮ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಾರ್ಗಸೂಚಿ ಮಿತಿ ಲೀಟರ್‌ಗೆ 2 ಮಿಲಿಗ್ರಾಂ. ಅದು ದೊಡ್ಡ ಭಯವಲ್ಲ. ನನ್ನನ್ನು ನಿಜವಾಗಿ ಹೆದರಿಸಿದ್ದು ಆ ಸೆನ್ಸರ್ ಬೋರ್ಡಿನ ಬೆಸುಗೆ. ಸೀಸದ ಮಿತಿ ಲೀಟರ್‌ಗೆ 10 ಮೈಕ್ರೋಗ್ರಾಂ. ಅಮ್ಮನದು 750 ಮಿ.ಲೀ. ಬಾಟಲಿ, ಅಂದರೆ ಒಂದು ಭರ್ತಿಗೆ ಏಳೂವರೆ ಮೈಕ್ರೋಗ್ರಾಂ. ನಾನು ದಿನಾ ಬಳಸುವ ಬೆಸುಗೆಯಲ್ಲಿ 63 ಪಾಲು ತವರ, 37 ಪಾಲು ಸೀಸ. ಒಂದು ಮಿಲಿಮೀಟರ್ ಗಾತ್ರದ ಬೆಸುಗೆಯ ಗುಂಡಿನಲ್ಲಿ ಸುಮಾರು ಒಂದೂವರೆ ಮಿಲಿಗ್ರಾಂ ಸೀಸ ಇರುತ್ತದೆ, ಇನ್ನೂರು ಬಾಟಲಿಗಳ ಲೆಕ್ಕದ್ದು. ಅಷ್ಟೂ ಒಮ್ಮೆಲೇ ಕರಗುವುದಿಲ್ಲ, ನಿಜ. ಆದರೆ ಎಷ್ಟು ಕರಗುತ್ತದೆಂದು ಅಳೆಯುವ ಸಲಕರಣೆ ನನ್ನ ಮೇಜಿನ ಮೇಲೆ ಇರಲಿಲ್ಲ. ಅಳೆಯಲಾಗದ್ದನ್ನು ಅಮ್ಮನಿಗೆ ಕುಡಿಸುವ ಧೈರ್ಯವೂ ಇರಲಿಲ್ಲ.

ಸರಿ, ಹಾಗಾದರೆ ವಾಟರ್‌ಪ್ರೂಫ್ ಸೆನ್ಸರ್ ಹಾಕೋಣ ಎಂದು ಮುಂದಿನ ಹೆಜ್ಜೆ ಇಟ್ಟೆ. ತಪ್ಪಿದ್ದೇ ಅಲ್ಲಿ.

ಬಿಸಿನೀರು ತುಂಬಿದ್ದಾಗ ಎಚ್ಚರಿಸಲು ಒಂದು ಉಷ್ಣಾಂಶದ ಸೆನ್ಸರ್ ಬೇಕಿತ್ತು. ಡಿಎಸ್18ಬಿ20 ಚಿಪ್ಪನ್ನು ಬೆರಳುದ್ದದ ಸ್ಟೀಲ್ ಕೊಳವೆಯಲ್ಲಿಟ್ಟು, ವೈರ್ ಹೊರಡಿಸಿ ಮಾರುತ್ತಾರಲ್ಲ, ಅದನ್ನು ತರಿಸಿದೆ. ಮಾರಿದವರ ವಿವರಣೆಯಲ್ಲಿ 'ಸ್ಟೇನ್‌ಲೆಸ್ ಸ್ಟೀಲ್, ಜಲನಿರೋಧಕ' ಎಂದಿತ್ತು. ಎರಡು ತರಿಸಿದ್ದರಿಂದ ಒಂದನ್ನು ಗರಗಸದಲ್ಲಿ ಸೀಳಿ ನೋಡಿದೆ. ಚಿಪ್ಪಿನ ಸುತ್ತ ಕಪ್ಪು ಅಂಟು, ಯಾವ ಅಂಟೆಂದು ಗೊತ್ತಿಲ್ಲ. ಕೊಳವೆಯ ಬಾಯಿಗೆ ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ತೋಳು, ಅದರೊಳಗೆ ಜಿಗುಟಾದ ಇನ್ನೊಂದು ಅಂಟು. ವೈರಿನ ಮೇಲೆ ಪಿವಿಸಿ ಹೊದಿಕೆ. ಪಿವಿಸಿಯನ್ನು ಮೆದುವಾಗಿಸಲು ಬೆರೆಸುವ ಪದಾರ್ಥಗಳು ಅದರೊಳಗೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ, ನಿಧಾನವಾಗಿ ಹೊರಬರುತ್ತವೆ. ಸ್ಟೀಲಾದರೂ ಯಾವುದು? ಮ್ಯಾಗ್ನೆಟ್ ಹಿಡಿದೆ, ಅಂಟಲಿಲ್ಲ. ಒಂದು ನಿಮಿಷ ಖುಷಿಪಟ್ಟೆ. ಆಮೇಲೆ ತಿಳಿಯಿತು, ಪಾತ್ರೆಗೆ ಬಳಸುವ 304 ದರ್ಜೆಯೂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ನಿಕ್ಕಲ್ ಉಳಿಸಲು ಮ್ಯಾಂಗನೀಸ್ ಹೆಚ್ಚು ಹಾಕಿದ ಅಗ್ಗದ 201 ದರ್ಜೆಯೂ ಅಂಟುವುದಿಲ್ಲ. ಮ್ಯಾಗ್ನೆಟ್ ಇವೆರಡರ ನಡುವೆ ಏನನ್ನೂ ಹೇಳದು.

ಸೀಳಿದ ಕೊಳವೆಯನ್ನು ಕೈಯಲ್ಲಿ ಹಿಡಿದು ಕೂತಾಗ ಹೊಳೆದದ್ದು: ವಾಟರ್‌ಪ್ರೂಫ್ ಅಂದರೆ ನೀರು ಒಳಗೆ ಹೋಗಿ ಸೆನ್ಸರ್ ಕೆಡುವುದಿಲ್ಲ ಎಂಬ ಮಾತು ಅಷ್ಟೇ. ಜಲನಿರೋಧಕತೆಯ ದರ್ಜೆ ಐಪಿ67 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದ್ದರೂ ತಾಳುತ್ತದೆ ಎಂದು. ಆ ಅರ್ಧ ಗಂಟೆಯಲ್ಲಿ ನೀರಿಗೇನಾಯಿತು ಎಂಬ ಪ್ರಶ್ನೆಯೇ ಆ ಪರೀಕ್ಷೆಯಲ್ಲಿಲ್ಲ. ನಾನು ಓದುತ್ತಿದ್ದದ್ದು ಸೆನ್ಸರ್‌ನ ಆರೋಗ್ಯದ ಪತ್ರ. ಬೇಕಾಗಿದ್ದದ್ದು ನೀರಿನ ಆರೋಗ್ಯದ್ದು.

ನೀರಿನ ಕಡೆಯ ಪತ್ರಗಳೇ ಬೇರೆ ಇವೆ. ಕುಡಿಯುವ ನೀರಿನ ವ್ಯವಸ್ಥೆಯ ಬಿಡಿಭಾಗಗಳಿಗೆ ಎನ್‌ಎಸ್‌ಎಫ್/ಆನ್ಸಿ 61 ಮಾನದಂಡ, ಆಹಾರಕ್ಕೆ ತಾಗುವ ಪ್ಲಾಸ್ಟಿಕ್ಕಿಗೆ ಯುರೋಪಿನ 10/2011 ನಿಯಮ, ಮತ್ತೆ ಮತ್ತೆ ಬಳಸುವ ರಬ್ಬರ್ ವಸ್ತುಗಳಿಗೆ ಅಮೆರಿಕದ ಎಫ್‌ಡಿಎಯ 177.2600 ನಿಯಮ. ಇವುಗಳನ್ನು ಓದತೊಡಗಿದ ಮೇಲೆ ಮಾರುವವರಿಗೆ ಬರೆಯುವ ನನ್ನ ಪತ್ರದ ಧಾಟಿ ಬದಲಾಯಿತು. "ಇದು ಫುಡ್ ಗ್ರೇಡಾ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. "ಯಾವ ನಿಯಮದಡಿ, ಯಾವ ದ್ರವದಲ್ಲಿ, ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಇಟ್ಟು ಪರೀಕ್ಷಿಸಿದ್ದೀರಿ, ವರದಿ ಕಳಿಸಿ" ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಯುರೋಪಿನ ನಿಯಮದಲ್ಲಿ ಪ್ಲಾಸ್ಟಿಕ್ಕಿನ ಒಂದು ಚದರ ಡೆಸಿಮೀಟರ್‌ನಿಂದ ಒಟ್ಟು 10 ಮಿಲಿಗ್ರಾಂಗಿಂತ ಹೆಚ್ಚು ಪದಾರ್ಥ ಹೊರಬರಬಾರದು. ಪರೀಕ್ಷೆಗೆ ಬಳಸುವ ದ್ರವಗಳಲ್ಲಿ ಒಂದು, 3 ಶೇಕಡಾ ಅಸಿಟಿಕ್ ಆಮ್ಲ. ವರದಿಯಲ್ಲಿ ಇಂಥ ಅಂಕಿಗಳಿದ್ದರೆ ನಂಬುತ್ತೇನೆ. ಬರೀ ಆಹಾರಕ್ಕೆ ತಾಗಬಹುದೆನ್ನುವ ಲೋಟ ಮತ್ತು ಫೋರ್ಕಿನ ಚಿಹ್ನೆ ಮಾತ್ರ ಇದ್ದರೆ ಇನ್ನೊಮ್ಮೆ ಕೇಳುತ್ತೇನೆ.

ನಾನೇ ಮಾಡಿದ ಪೆದ್ದುತನವೂ ಒಂದಿದೆ. ಸೆನ್ಸರ್ ಕೂರಿಸಲು ಮುಚ್ಚಳವನ್ನು ಮನೆಯ 3ಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಿಂದ ಅಚ್ಚು ತೆಗೆದು, ಸಂದಿಗೆ ಬಾತ್‌ರೂಮಿನ ಸಿಲಿಕೋನ್ ಸೀಲೆಂಟ್ ಹಚ್ಚಿದೆ. ಒಣಗುವಾಗ ವಿನಿಗರ್ ವಾಸನೆ. ವಾಸನೆ ಹೋದ ಮೇಲೆ ಎಲ್ಲ ಸರಿಯಾಯಿತು ಅಂದುಕೊಂಡೆ. ಟ್ಯೂಬನ್ನು ತಿರುಗಿಸಿ ಓದಿದಾಗ ಬೂಷ್ಟು ಬಾರದಂತೆ ಶಿಲೀಂಧ್ರನಾಶಕ ಬೆರೆಸಿದೆ ಎಂದಿತ್ತು. ಬಾತ್‌ರೂಮಿಗೆ ಅದೇ ಅದರ ಗುಣ, ಬಾಟಲಿಗೆ ಅದೇ ದೋಷ. ಸೀಲೆಂಟ್ ಕೆರೆದು ತೆಗೆದು, ಬರೀ ಮುಚ್ಚಳವನ್ನು ನನ್ನದೇ ಬಾಟಲಿಗೆ ಹಾಕಿ ಎರಡು ವಾರ ಬಳಸಿದೆ. ಒಳಗೆ ಬೆರಳಾಡಿಸಿದರೆ ಲೋಳೆ. ಪ್ರಿಂಟರ್ ಪದರದ ಮೇಲೆ ಪದರ ಹಾಕುತ್ತದಲ್ಲ, ಆ ಪದರಗಳ ನಡುವಿನ ಗೀರುಗಳಲ್ಲಿ ಬ್ರಷ್ ಹೋಗುವುದಿಲ್ಲ, ಬ್ಯಾಕ್ಟೀರಿಯಾ ಹೋಗುತ್ತವೆ. ಬಿಸಿನೀರಲ್ಲಿ ತೊಳೆಯೋಣವೆಂದರೆ ಪಿಎಲ್‌ಎ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ನೀರಿಗೆ ತಾಗುವ ಯಾವುದನ್ನೂ ಮನೆಯಲ್ಲಿ ಅಚ್ಚು ಹಾಕಬಾರದೆಂದು ಅವತ್ತೇ ತೀರ್ಮಾನಿಸಿದೆ.

ಮುಚ್ಚಳದಿಂದ ಕೆಳಗೆ ನೋಡಿ ಮಟ್ಟ ಅಳೆಯುವ ಸೆನ್ಸರ್‌ಗಳೂ ಇವೆ, ನೀರಿಗೆ ತಾಗುವುದೇ ಬೇಡ ಎಂದು ಅವನ್ನೂ ನೋಡಿದೆ. ಶಬ್ದದ ಅಲೆ ಕಳಿಸುವ ಎಚ್‌ಸಿ-ಎಸ್‌ಆರ್04ಗೆ 2 ಸೆಂ.ಮೀ.ಗಿಂತ ಹತ್ತಿರದ್ದು ಕಾಣುವುದಿಲ್ಲ, ತುಂಬಿದ ಬಾಟಲಿಯಲ್ಲಿ ನೀರು ಇರುವುದೇ ಅಷ್ಟು ಹತ್ತಿರ. ಕಿರಿದಾದ ಬಾಟಲಿಯ ಗೋಡೆಗಳಿಂದ ಬೇರೆ ಪ್ರತಿಧ್ವನಿ. ಅಷ್ಟೇ ಅಲ್ಲ, ಇಂಥ ಸೆನ್ಸರ್‌ಗಳಲ್ಲಿ ಕಂಪಿಸುವ ಪಿಂಗಾಣಿಯಂಥ ಬಿಲ್ಲೆ ಸಾಮಾನ್ಯವಾಗಿ ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಸಂಯುಕ್ತ. ಮತ್ತೆ ಸೀಸ! ಅವಗೆಂಪು ಲೇಸರ್ ಬಳಸುವ ವಿಎಲ್53ಎಲ್0ಎಕ್ಸ್ ಕಣ್ಣಿಗೆ ಅಪಾಯವಿಲ್ಲದ ಒಂದನೇ ವರ್ಗದ್ದು, ಗಾಜಿನ ಕಿಟಕಿಯ ಹಿಂದೆ ಭದ್ರವಾಗಿ ಕೂರಿಸಬಹುದು. ಆದರೆ ಬಿಸಿನೀರು ಹಾಕಿದೊಡನೆ ಕಿಟಕಿಗೆ ಹನಿ ಕಟ್ಟಿತು, ಅಲ್ಲಿಂದಾಚೆ ಅದು ಅಳೆದದ್ದು ಆ ಹನಿಯ ದೂರವನ್ನು. ಬಾಯಿಯ ಹತ್ತಿರ ಕೂತು ಹರಿವು ಎಣಿಸುವ ಚಕ್ರದ ಸೆನ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಗೆ ಮೂಲೆಗಳೇ ಮೂಲೆಗಳು, ಮೇಲಾಗಿ ಬಾಟಲಿ ಕೆಳಗಿಟ್ಟಾಗ ವಾಪಸು ಜಾರುವ ನೀರನ್ನೂ ಕುಡಿದದ್ದೆಂದೇ ಎಣಿಸುತ್ತದೆ.

ಬಾಟಲಿ ವಾಲಿದ್ದು ತಿಳಿಯಲು ಹಳೇ ಡಬ್ಬಿಯಲ್ಲಿ ಹುಡುಕಿದಾಗ ಒಂದು ಪುಟ್ಟ ಗಾಜಿನ ಸ್ವಿಚ್ ಸಿಕ್ಕಿತು. ವಾಲಿಸಿದರೆ ಒಳಗೆ ಬೆಳ್ಳಿಯಂಥ ಹನಿ ಸರಕ್ಕನೆ ಓಡುತ್ತದೆ. ಪಾದರಸ. ಹಳೆಯ ಉಪಕರಣಗಳಲ್ಲಿ ಇದು ಮಾಮೂಲಿಯಾಗಿತ್ತು. ಕೈಯಿಂದ ಜಾರಿ ಬೀಳುವ ಬಾಟಲಿಗೆ ಗಾಜಿನಲ್ಲಿಟ್ಟ ಪಾದರಸ! ಅದನ್ನು ಎರಡು ಚೀಲದೊಳಗೆ ಸುತ್ತಿ, ಅಪಾಯಕಾರಿ ಕಸ ತೆಗೆದುಕೊಳ್ಳುವಲ್ಲಿ ಕೊಟ್ಟುಬಂದೆ. ಅದೇ ಡಬ್ಬಿಯಲ್ಲಿದ್ದ ಬೆಳಕಿನ ಸೆನ್ಸರ್, ಅಂಕುಡೊಂಕು ಗೆರೆಯ ಎಲ್‌ಡಿಆರ್, ವಿಷಕಾರಿ ಲೋಹ ಕ್ಯಾಡ್ಮಿಯಂನ ಸಲ್ಫೈಡಿನದ್ದು. ಹತ್ತು ವರ್ಷ ಅದನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದೇನೆ, ಅದರಲ್ಲಿ ಏನಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಇಷ್ಟರಲ್ಲಿ ತಂಗಿ ಫೋನಿನಲ್ಲಿ ಹೊಸ ಬೇಡಿಕೆ ಇಟ್ಟಳು. "ಅಣ್ಣಾ, ಹೇಗೂ ಮಾಡ್ತಿದ್ದೀಯ, ನೀರು ಚೆನ್ನಾಗಿದೆಯಾ ಇಲ್ವಾ ಅಂತಲೂ ತೋರಿಸೋ ಹಾಗೆ ಮಾಡು. ಟಿಡಿಎಸ್ ಹಾಕು." ಈ ವಿಷಯದಲ್ಲಿ ನಾನು ಹಟ ಹಿಡಿದೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಪದಾರ್ಥಗಳ ಒಟ್ಟು ಪ್ರಮಾಣ, ಆದರೆ ಆ ಮೀಟರ್ ನಿಜಕ್ಕೂ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನು 0.5ರಿಂದ 0.7ರೊಳಗಿನ ಒಂದು ಅಂಕಿಯಿಂದ ಗುಣಿಸಿ ಲವಣದ ಪ್ರಮಾಣ ಇಷ್ಟಿರಬಹುದು ಎಂದು ಹೇಳುತ್ತದೆ. ಅದರ ಪರದೆ ಲೀಟರ್‌ಗೆ 1 ಮಿಲಿಗ್ರಾಂನ ಮೆಟ್ಟಿಲಲ್ಲಿ ಏರಿಳಿಯುತ್ತದೆ. ಸೀಸದ ಮಿತಿ ಅದರ ನೂರರಲ್ಲಿ ಒಂದು ಪಾಲು. ಅಂದರೆ ಸೀಸ ಮಿತಿಗಿಂತ ಹತ್ತು ಪಟ್ಟು ಇದ್ದರೂ ಮೀಟರ್ ಕದಲುವುದಿಲ್ಲ. ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು. ಬಂದದ್ದು ಫ್ಲೋರೈಡೋ ಕ್ಯಾಲ್ಸಿಯಮ್ಮೋ ಎಂದು ಮೀಟರ್‌ಗೆ ತಿಳಿಯುವುದಿಲ್ಲ. ಬ್ಯಾಕ್ಟೀರಿಯಾ ಇದ್ದರಂತೂ ಸುಳಿವೇ ಇಲ್ಲ. ಇಂಥ ಮೀಟರ್ ಬಾಟಲಿಯ ಮೇಲೆ ಹಸಿರು ದೀಪ ಹಚ್ಚಿದರೆ ಅಮ್ಮ ಅದನ್ನು ನಂಬುತ್ತಾಳೆ. ನಂಬಿಸುವ ಸುಳ್ಳು ಸೆನ್ಸರ್‌ಗಿಂತ ಸೆನ್ಸರ್ ಇಲ್ಲದಿರುವುದು ವಾಸಿ ಅಂದೆ. "ಹಾಗಾದ್ರೆ ಪಿಎಚ್?" ಅಂದಳು. ನೀರು ಎಷ್ಟು ಆಮ್ಲೀಯ ಎಂದು ಹೇಳುವ ಪಿಎಚ್ ಸೆನ್ಸರ್‌ನ ತುದಿ ತೆಳುಗಾಜಿನ ಬುರುಡೆ. ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಒಂದು ಸಣ್ಣ ರಂಧ್ರದಿಂದ ಹೊರಗೆ ಜಿನುಗುತ್ತಿದ್ದರೇ ಅದು ಕೆಲಸ ಮಾಡುವುದು, ಜಿನುಗು ಅದರ ರಚನೆಯಲ್ಲೇ ಇದೆ. ಚೀಲದಲ್ಲಿ ಕುಲುಕಾಡುವ ಬಾಟಲಿಯೊಳಗೆ ಅದನ್ನು ಇಡುವುದುಂಟೆ?

ಲವಣವನ್ನು ಅಳೆಯಲೇಬೇಕು ಎನ್ನುವವರಿಗೆ ಒಂದು ಮಾತು. ಟೈಟಾನಿಯಂ ಅಥವಾ 316 ದರ್ಜೆಯ ಸ್ಟೀಲಿನ ಕಡ್ಡಿಗಳಿರುವುದನ್ನು ಆರಿಸಿ, ದಿಕ್ಕು ಬದಲಿಸುವ ಎಸಿ ಕರೆಂಟಿನಿಂದಲೇ ಓದಿ. ಒಂದೇ ದಿಕ್ಕಿನ ಕರೆಂಟ್ ಕೊಟ್ಟರೆ ನನ್ನ ಲೋಟದ ಕಥೆಯೇ ಮತ್ತೆ. ಇನ್ನೂ ಒಳ್ಳೆಯದು, ಲೋಟಕ್ಕೆ ಸ್ವಲ್ಪ ನೀರು ಸುರಿದು ಅದರಲ್ಲಿ ಅಳೆದು, ಆ ನೀರನ್ನು ಚೆಲ್ಲಿಬಿಡಿ.

ಕೊನೆಗೆ ಉಳಿದದ್ದು ಎರಡು ದಾರಿ. ಒಂದು, ಬಾಟಲಿಯ ಹೊರಮೈಗೆ ತಾಮ್ರದ ಪಟ್ಟಿ ಅಂಟಿಸಿ ಕೆಪಾಸಿಟೆನ್ಸ್, ಅಂದರೆ ಪಟ್ಟಿಗಳು ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಅಳೆಯುವುದು. ಆ ಸಾಮರ್ಥ್ಯವನ್ನು ಒಂದು ವಸ್ತು ಎಷ್ಟು ಹೆಚ್ಚಿಸುತ್ತದೆಂದು ಹೇಳುವ ಪರಾವೈದ್ಯುತ ಗುಣಾಂಕ ನೀರಿಗೆ ಸುಮಾರು 80, ಗಾಳಿಗೆ 1, ಪ್ಲಾಸ್ಟಿಕ್ಕಿಗೆ ಎರಡು ಮೂರು. ವ್ಯತ್ಯಾಸ ಇಷ್ಟು ದೊಡ್ಡದಾದ್ದರಿಂದ ಗೋಡೆಯಾಚೆಗಿನ ನೀರು ಸ್ಪಷ್ಟವಾಗಿ ಕಾಣುತ್ತದೆ. ಎಫ್‌ಡಿಸಿ1004 ಎಂಬ ಚಿಪ್ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಪ್ಲಾಸ್ಟಿಕ್ ಬಾಟಲಿಯ ಮೇಲೆ ಮೊದಲ ದಿನವೇ ಗೆದ್ದೆ. ಎರಡನೇ ದಿನ ಬಾಟಲಿಯನ್ನು ಕೈಯಲ್ಲಿ ಹಿಡಿದಾಗ ನೂರು ಮಿ.ಲೀ. ಹೆಚ್ಚು ತೋರಿಸಿತು. ನಮ್ಮ ಕೈಯೂ ನೀರೇ ತಾನೆ. ಹೊರಗಿನಿಂದ ಒಂದು ರಕ್ಷಾಕವಚದ ಪದರ ಸುತ್ತಿ, ತಳದಲ್ಲಿ ಹೋಲಿಕೆಗೆಂದು ಒಂದು ಉಲ್ಲೇಖದ ಪಟ್ಟಿ ಇಟ್ಟು ಅದನ್ನು ಹತೋಟಿಗೆ ತಂದೆ. ನೀರಿನ ಗುಣಾಂಕ ಉಷ್ಣಾಂಶದೊಂದಿಗೆ ಇಳಿಯುವುದನ್ನೂ ಆ ಉಲ್ಲೇಖದ ಪಟ್ಟಿಯೇ ಸರಿದೂಗಿಸಿತು. ಪ್ಲಾಸ್ಟಿಕ್ ಅಥವಾ ಗಾಜಿನ ಬಾಟಲಿಗೆ ಇವತ್ತಿಗೂ ನಾನು ಇದನ್ನೇ ಹೇಳುತ್ತೇನೆ. ಆದರೆ ಅಮ್ಮನಿಗೆ ಸ್ಟೀಲ್ ಬಾಟಲಿಯೇ ಆಗಬೇಕು. ಸ್ಟೀಲಿನ ಗೋಡೆ ದಾಟಿ ಕೆಪಾಸಿಟೆನ್ಸ್ ಏನನ್ನೂ ನೋಡಲಾರದು.

ಹಾಗಾಗಿ ಎರಡನೇ ದಾರಿ, ತೂಕ. ಒಂದು ಮಿ.ಲೀ. ನೀರು ಒಂದು ಗ್ರಾಂ. ಬಾಟಲಿಗೆ ಒಂದೂ ತೂತು ಕೊರೆಯದೆ, ಅದರ ತಳಕ್ಕೆ ಒಂದು ಬಟ್ಟಲಿನಂಥ ಕವಚ ತೊಡಿಸಿ, ಅದರೊಳಗೆ ಹೊರೆಗೆ ಬಾಗಿ ತೂಕ ಹೇಳುವ ಲೋಡ್ ಸೆಲ್, ಅದರ ಸಂಕೇತವನ್ನು ಅಂಕಿಯಾಗಿಸುವ ಎಚ್‌ಎಕ್ಸ್711 ಬೋರ್ಡು, ವಾಲುವಿಕೆ ತಿಳಿಯಲು ಒಂದು ಅಕ್ಸೆಲರೋಮೀಟರ್. ತೊಳೆಯುವಾಗ ಕವಚ ಕಳಚಿಟ್ಟರಾಯಿತು. ಉಷ್ಣಾಂಶಕ್ಕೆ ಒಂದು ಪುಟ್ಟ ಥರ್ಮಿಸ್ಟರ್, ಅದೂ ಹೊರಗಿನಿಂದಲೇ ಸ್ಟೀಲಿನ ತಳಕ್ಕೆ ಒತ್ತಿಕೊಂಡಿರುವಂತೆ, ಹಿಂದೆ ಸ್ವಲ್ಪ ಫೋಮ್. ಒಂದು ನಿಮಿಷ ತಡವಾಗಿ ಓದುತ್ತದೆ, ಅಷ್ಟರಲ್ಲಿ ಯಾರ ನಾಲಿಗೆಯೂ ಸುಡದಿದ್ದರೆ ಸರಿ. ಬಾಟಲಿ ಒಂದೇ ಗೋಡೆಯದಾದ್ದರಿಂದ ಇದು ಸಾಧ್ಯವಾಯಿತು, ನಿರ್ವಾತದ ಎರಡು ಗೋಡೆಯ ಬಾಟಲಿಯಲ್ಲಿ ಆಗುತ್ತಿರಲಿಲ್ಲ.

ನೀರಿಗೆ ತಾಗುವುದು ಈಗ ಬಾಟಲಿಯ ಸ್ಟೀಲ್, ಮುಚ್ಚಳ ಮತ್ತು ಮುಚ್ಚಳದ ವಾಷರ್ ಮಾತ್ರ, ಮೂರೂ ಕಾರ್ಖಾನೆಯಿಂದ ಪರೀಕ್ಷೆಯ ವರದಿಯೊಂದಿಗೆ ಬಂದವು. ಸುರಕ್ಷತೆಯ ತಲೆನೋವು ಅಲ್ಲಿಗೆ ಮುಗಿದು ಅಳತೆಯ ತಲೆನೋವು ಶುರುವಾಯಿತು. ಖಾಲಿ ಬಾಟಲಿ 212 ಗ್ರಾಂ, ನೀರು 750, ಒಟ್ಟು 962. ಕವಚದಲ್ಲಿ ಹಿಡಿಸುವ ಸಣ್ಣ ಲೋಡ್ ಸೆಲ್ 1 ಕೆ.ಜಿ.ಯದ್ದು. ಲೆಕ್ಕಕ್ಕೆ ಸಾಕು. ಆದರೆ ಅಮ್ಮ ಬಾಟಲಿಯನ್ನು ಇಡುವುದಿಲ್ಲ, ಕುಕ್ಕುತ್ತಾಳೆ. ಮೂರನೇ ದಿನ ಖಾಲಿ ಬಾಟಲಿಯಲ್ಲಿ 40 ಮಿ.ಲೀ. ನೀರಿದೆ ಎಂದು ತೋರಿಸತೊಡಗಿತು. ಸೆಲ್ಲಿನ ಲೋಹ ಒಂದಿಷ್ಟು ಬಾಗಿ ಹಾಗೇ ಉಳಿದುಬಿಟ್ಟಿತ್ತು. ಹೊಸ ಸೆಲ್ ಹಾಕುವಾಗ ಅದರ ಕೆಳಗೆ ಒಂದು ಸ್ಕ್ರೂ ನಿಲ್ಲಿಸಿ, ನಡುವೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಟ್ಟೆ. ಕುಕ್ಕಿದರೆ ಸೆಲ್ ಅಷ್ಟು ಬಾಗಿ ಸ್ಕ್ರೂಗೆ ಆತುಕೊಳ್ಳುತ್ತದೆ, ಮುಂದಿನ ಹೊರೆ ಸ್ಕ್ರೂಗೆ.

ಆಮೇಲೆ ಮುಚ್ಚಳ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟರೆ 38 ಗ್ರಾಂ ಇಳಿಯುತ್ತದೆ, 38 ಮಿ.ಲೀ. ಕುಡಿದರೆಂದು ದಾಖಲಾಗುತ್ತದೆ. ಮತ್ತೆ ಮುಚ್ಚಿದರೆ ಯಾರೋ ಅಷ್ಟೇ ನೀರು ತುಂಬಿದಂತೆ. ಬಿಸಿನೀರು ಹಾಕಿದರಂತೂ ಲೋಡ್ ಸೆಲ್ಲಿನ ಒಂದು ತುದಿ ಮೊದಲು ಕಾದು, ಸೊನ್ನೆಯೇ ಜಾರಿ, ಹತ್ತು ನಿಮಿಷ ಅಂಕಿ ನಿಧಾನವಾಗಿ ಇಳಿಯುತ್ತಿತ್ತು, ಯಾರೋ ಕದ್ದು ಕುಡಿಯುತ್ತಿರುವ ಹಾಗೆ. ಎರಡಕ್ಕೂ ಒಂದೇ ಮದ್ದು ಸಿಕ್ಕಿತು. ಬಾಟಲಿ ವಾಲಿ, ಮತ್ತೆ ನೆಟ್ಟಗೆ ನಿಂತು, ತೂಕ ಎರಡು ಸೆಕೆಂಡು ಅಲುಗದೆ ಇದ್ದಾಗ ಮಾತ್ರ ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಕುಡಿದದ್ದೆಂದು ಬರೆದುಕೊಳ್ಳುವುದು. ವಾಲದೆ ಆದ ಬದಲಾವಣೆ ಎಲ್ಲವೂ ಹೊಸ ಸೊನ್ನೆ, ಅಷ್ಟೆ. ಮುಚ್ಚಳ ತೆಗೆದು, ಕುಡಿದು, ಮುಚ್ಚದೆ ಇಡುವುದೂ ಉಂಟು. ಆಗ 38 ಗ್ರಾಂ ಕಳೆಯಬೇಕು, ಆ ಕಳೆಯುವಿಕೆ ಹತ್ತರಲ್ಲಿ ಒಂದು ಸಲ ಈಗಲೂ ತಪ್ಪುತ್ತದೆ.

ಬ್ಯಾಟರಿಯನ್ನು ಮೊದಲು ಬಾಟಲಿಯ ತಳಕ್ಕೆ ಅಂಟಿದಂತೆ ಇಟ್ಟಿದ್ದೆ. ಕುದಿಯುವ ನೀರು ಸುರಿದು ಥರ್ಮಿಸ್ಟರ್ ನೋಡಿದಾಗ ತಳ 80 ಡಿಗ್ರಿ ದಾಟಿತ್ತು. ಲಿಥಿಯಂ ಸೆಲ್‌ಗೆ ಸಾಮಾನ್ಯವಾಗಿ ಬಳಕೆಯಲ್ಲಿ 60, ಚಾರ್ಜ್ ಆಗುವಾಗ 45 ಡಿಗ್ರಿಯೇ ಎಲ್ಲೆ. ಅದನ್ನು ಕವಚದ ಬದಿಯ ಗೂಡಿಗೆ ಸರಿಸಿ, ನಡುವೆ ಗಾಳಿಯ ಸಂದು ಬಿಟ್ಟು, 40 ಡಿಗ್ರಿ ದಾಟಿದರೆ ಚಾರ್ಜಿಂಗ್ ನಿಲ್ಲುವಂತೆ ಮಾಡಿದೆ. ಕವಚ ಅದರಿಂದ ದಪ್ಪವಾಯಿತು, ಚೀಲದ ಬದಿಯ ಜೇಬಿಗೆ ಹೋಗುವುದಿಲ್ಲ ಎಂದು ಅಮ್ಮನ ತಕರಾರು.

ಅಮ್ಮ ಅದನ್ನು ಬಳಸಿ ಎಂಟು ತಿಂಗಳಾಯಿತು. ಮೊನ್ನೆ ಒಂದೇ ಸಲಕ್ಕೆ 310 ಮಿ.ಲೀ. ಕುಡಿದಂತೆ ದಾಖಲಾಗಿತ್ತು. ಖುಷಿಯಿಂದ ಹೇಳಿದರೆ ಅಮ್ಮ ನಕ್ಕಳು. "ಅದು ನಾನಲ್ಲ ಕಣೋ. ಉಳಿದ ನೀರನ್ನ ಗಿಡಕ್ಕೆ ಹಾಕಿದೆ." ಕುಡಿಯುವಾಗ ಬಾಟಲಿ ಎಷ್ಟು ವಾಲುತ್ತದೆ, ಸುರಿಯುವಾಗ ಎಷ್ಟು, ಎಷ್ಟು ಸೆಕೆಂಡು ಎಂದು ಅಕ್ಸೆಲರೋಮೀಟರ್‌ನ ಹಳೆಯ ದಾಖಲೆ ತೆಗೆದು ನೋಡುತ್ತಿದ್ದೇನೆ. ಸದ್ಯಕ್ಕೆ ಗಿಡದ ಪಾಲನ್ನು ಅಮ್ಮನೇ ಬಾಯಿಲೆಕ್ಕದಲ್ಲಿ ಹೇಳುತ್ತಾಳೆ, ನಾನು ಕಳೆಯುತ್ತೇನೆ.